ದಾನಕ್ಕೆ ಮೊದಲು ನೀವು ಮನೆಗೆ ಕಳಿಸಿದ ಕಾಗದ

ವರ್ಷಾಂತ್ಯದ ದೇಣಿಗೆ ಅಭಿಯಾನದ ನೋಡಲ್ ಅಧಿಕಾರಿಗಳಿಗೆ,

ಮಾನ್ಯರೇ,

ಡಿಸೆಂಬರ್ ಎಂಟರಂದು ನಿಮ್ಮ ಕಚೇರಿಯಿಂದ ಹೊರಟ ಒಂದು ಕಾಗದ ಹತ್ತನೆಯ ತಾರೀಖು ಕಾಗವಾಡ ಸೀಮೆಯ ಒಂದು ಮನೆ ಮುಟ್ಟಿತು. ಹದಿನಾರರಂದು ಆ ಮನೆಯ ಗಂಡಸರು ನಿಪ್ಪಾಣಿಗೆ ಬಂದು, ಇಪ್ಪತ್ಮೂರು ವರ್ಷದ ವಿಕ್ರಾಂತನನ್ನು ಅವನು ದುಡಿಯುತ್ತಿದ್ದ ಅಂಗಡಿಯಿಂದ ಎತ್ತಿ ಗಾಡಿಗೆ ಹಾಕಿಕೊಂಡು ಹೋದರು. ಇಂದು ಇಪ್ಪತ್ತೇಳು. ಹನ್ನೊಂದು ದಿನದಿಂದ ಅವನು ಒಂದು ಕೋಣೆಯಲ್ಲಿದ್ದಾನೆ. ಬಾಗಿಲಿಗೆ ಹೊರಗಿನಿಂದ ಚಿಲಕ. ಅವನು ಊಟ ಬಿಟ್ಟಿದ್ದಾನೆ. ನಿಮ್ಮ ಒಂದು ಕಾಗದ ಅವನನ್ನು ಅಲ್ಲಿಗೆ ಮುಟ್ಟಿಸಿದೆ. ಅವನಿಗೆ ಜೀವ ಇರುವಾಗಲೇ ನೀವು ಇನ್ನೊಂದು ಕಾಗದ ಬರೆಯಬೇಕೆಂದು ಬೇಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನವೆಂಬರಿನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ಊರುಗಳ ಬಸ್ ನಿಲ್ದಾಣಗಳಲ್ಲಿ ನಿಮ್ಮ ಬ್ಯಾನರುಗಳನ್ನು ಕಟ್ಟಿದ್ದರು. 'ವರ್ಷ ಮುಗಿಯುವ ಮುನ್ನ ಒಂದು ಒಳ್ಳೆಯ ಕೆಲಸ' ಎಂದಿತ್ತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿಗೂ ಬದುಕಿಗೂ ಆಸರೆಯಾಗಿ ಸಾರ್ವಜನಿಕರು ಕೈಲಾದಷ್ಟು ಕೊಡಬೇಕೆಂದು ಕೋರಿದ್ದಿರಿ. ಜನ ಕೊಟ್ಟರು. ಬೀಡಿ ಕಟ್ಟುವ ಹೆಣ್ಣುಮಕ್ಕಳು ಕೂಲಿ ತೆಗೆದುಕೊಂಡು ಮನೆಗೆ ಹೋಗುವಾಗ ನಿಮ್ಮ ಡಬ್ಬಿಯ ಮುಂದೆ ನಿಂತು ಸೆರಗಿನ ಗಂಟು ಬಿಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕುಡಚಿಯ ವ್ಯಾಪಾರಸ್ಥರು ಬಟ್ಟೆಯ ಗಂಟುಗಳನ್ನು ಕಳಿಸಿದರು. ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಹೊಲಿಗೆ ಯಂತ್ರಗಳನ್ನೇ ಕೊಟ್ಟರೆಂದು ಕೇಳಿದೆ. ನನ್ನ ಪಿಂಚಣಿಯ ಒಂದು ಪಾಲೂ ಆ ಡಬ್ಬಿಗೆ ಬಿದ್ದಿದೆ. ಆದ್ದರಿಂದ ದಾನಿಗಳ ಪರವಾಗಿ ಒಂದು ಪ್ರಶ್ನೆ ಕೇಳುವ ಹಕ್ಕು ನನಗಿದೆ. ಯಾರ ಹಕ್ಕಿಗೆಂದು ನಾವು ಕೊಟ್ಟೆವೋ ಅವರನ್ನು ಹಿಡಿದುಕೊಡುವುದಕ್ಕೆ ಕೊಟ್ಟೆವೇ?

ನಾನು ಯಾರೆಂದು ಹೇಳಬೇಕು. ಮೂವತ್ಮೂರು ವರ್ಷ ಸರಕಾರಿ ಕಚೇರಿಯಲ್ಲಿ ದುಡಿದು ಪ್ರಥಮ ದರ್ಜೆ ಸಹಾಯಕಿಯಾಗಿ ನಿವೃತ್ತಳಾದವಳು. ಕಚೇರಿಯಲ್ಲಿ ನನಗಿದ್ದ ಹೆಸರು ಒಂದೇ, ಅಕ್ಷರ ಚೆನ್ನಾಗಿದೆ ಎಂಬುದು. ನಿವೃತ್ತಿಯ ನಂತರ ಪಿಂಚಣಿ, ರೇಷನ್ ಕಾರ್ಡು, ವಾರಸಾ ಅರ್ಜಿ ಎಂದು ಜನ ನನ್ನ ಕಟ್ಟೆಗೆ ಬರುತ್ತಾರೆ, ಬರೆದುಕೊಡುತ್ತೇನೆ. ನಾಲ್ಕು ವರ್ಷದ ಹಿಂದೆ ಹಾಗೆ ಬಂದವರು ಕಾಶಿಬಾಯಿ. ಐವತ್ತು ದಾಟಿದ ಮಂಗಳಮುಖಿ. ಊರಾಚೆಯ ತಗಡಿನ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಮನೆಯಿಂದ ಹೊರದೂಡಿಸಿಕೊಂಡವರನ್ನು ಇಟ್ಟುಕೊಂಡು ಸಾಕುತ್ತಿದ್ದರು. ಮೊದಲ ದಿನ ನಾನು ಅವರನ್ನು ಗೇಟಿನ ಹೊರಗೇ ನಿಲ್ಲಿಸಿ ಮಾತಾಡಿಸಿದೆ. ಅವರು ಕಾಗದವನ್ನು ಗೇಟಿನ ಸರಳುಗಳ ನಡುವಿನಿಂದ ಚಾಚಿದರು. ನಮ್ಮಪ್ಪ ದೊಡ್ಡವರ ಅಂಗಳದ ಹೊರಗೆ ನಿಂತು ಹಾಗೆಯೇ ಕೈ ಚಾಚುತ್ತಿದ್ದುದು ಆಗ ನೆನಪಾಯಿತು. ಗೇಟು ತೆಗೆದೆ. ನನ್ನ ಬಗ್ಗೆ ಒಳ್ಳೆಯದು ಹೇಳುವುದಕ್ಕೆ ಇರುವುದು ಇಷ್ಟೇ. ಮುಂದಿನದೆಲ್ಲ ತಪ್ಪೊಪ್ಪಿಗೆ.

ಆ ಮನೆಯಲ್ಲಿ ಆರು ಜನ ಇದ್ದರು. ಅವರಲ್ಲಿ ವಿಕ್ರಾಂತ ಒಬ್ಬ. ಶಾಲೆಯ ದಾಖಲೆ ಅವನನ್ನು ಹೆಣ್ಣು ಎನ್ನುತ್ತದೆ. ತಾನು ಗಂಡು ಎಂದು ಅವನಿಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು. ಕಬ್ಬಿನ ಹೊಲ, ಎರಡು ಟ್ರ್ಯಾಕ್ಟರ್ ಇರುವ ಮನೆ. ಸೋದರಮಾವನ ಮಗನೊಡನೆ ಲಗ್ನ ಗೊತ್ತುಮಾಡಿದಾಗ, ಇಪ್ಪತ್ತನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಬಂದ. ಮನೆಯವರು ಹುಡುಕುವಷ್ಟು ಹುಡುಕಿ, ಕೊನೆಗೆ ಮಗಳು ಪುಣೆಯಲ್ಲಿ ನೌಕರಿ ಮಾಡುತ್ತಾಳೆ ಎಂದು ಊರಿಗೆ ಹೇಳಿಕೊಂಡು ಸುಮ್ಮನಾದರು. ಇವನು ನಿಪ್ಪಾಣಿಯಲ್ಲಿ ಲಖನ ಎಂಬುವವರ ಮೋಟಾರು ರಿವೈಂಡಿಂಗ್ ಅಂಗಡಿ ಸೇರಿದ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಬಿಚ್ಚಿ, ಹಳೆಯ ತಾಮ್ರದ ತಂತಿ ಕಿತ್ತು ಹೊಸದು ಸುತ್ತುವ ಕೆಲಸ. ಮೂರು ವರ್ಷದಲ್ಲಿ ರೈತರು ಅಂಗಡಿಗೆ ಬಂದು 'ಆ ಸಣ್ಣ ಹುಡುಗನ ಕೈಲೇ ಸುತ್ತಸ್ರಿ' ಎಂದು ಕೇಳುವಂತಾಯಿತು.

ಅವನ ಊರಿನ ಹೆಸರನ್ನೂ ಅಪ್ಪನ, ಅಣ್ಣನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಆ ತಪ್ಪು ಒಮ್ಮೆ ಮಾಡಿದ್ದೇನೆ. ಅವನಿಗೆ ಹುಟ್ಟಿದಾಗ ಇಟ್ಟ ಹೆಸರು ನಿಮ್ಮ ಕಾಗದದಲ್ಲಿ ಎರಡು ಕಡೆ ಬಂದಿದೆ, ಮೂರನೆಯ ಸಲ ಬರೆಯಲು ನನ್ನ ಕೈ ಒಪ್ಪುವುದಿಲ್ಲ.

ಅಭಿಯಾನದ ನೆರವಿಗೆ ಅರ್ಜಿ ಹಾಕೋಣ ಎಂದವಳು ನಾನೇ. ಕಾಶಿಬಾಯಿಗೆ ಮನಸ್ಸಿರಲಿಲ್ಲ. "ಬ್ಯಾಡ್ರಿ ಅಕ್ಕಾರ. ಕೊಡೋರು ಮೊದಲ ಫೋಟೋ ಕೇಳ್ತಾರ. ಆಮ್ಯಾಲ ಹೆಸರ. ಆಮ್ಯಾಲ ಊರ ಯಾವುದ ಅಂತಾರ. ನಾವ ಊರ ಬಿಟ್ಟ ಬಂದ ಮಂದಿ," ಎಂದರು. ನಾನು ಕೇಳಲಿಲ್ಲ. ಒಂದು ವರ್ಷದ ಮನೆ ಬಾಡಿಗೆ, ಆರೋಗ್ಯ ವಿಮೆ, ಉದ್ಯೋಗದ ಸಲಕರಣೆ, ಇಷ್ಟು ಸಿಕ್ಕರೆ ಆ ಮನೆ ಎಷ್ಟು ಹಗುರಾಗುತ್ತದೆ ಎಂದು ಲೆಕ್ಕ ಹೇಳಿದೆ. ವಿಕ್ರಾಂತನಿಗೆ ತಂತಿ ಸುತ್ತುವ ಸ್ವಂತ ಯಂತ್ರ ಬೇಕಿತ್ತು. ಅವನ ಅರ್ಜಿಯನ್ನು ನಾನು ಬರೆಯುವಾಗ ಪಕ್ಕದಲ್ಲಿ ಕುಳಿತು ನೋಡುತ್ತಿದ್ದವನು ಕಾಯಂ ವಿಳಾಸದ ಕಾಲಮಿಗೆ ಬಂದಾಗ ಕೇಳಿದ: "ಅಕ್ಕಾ, ಊರಿಂದು ಹಾಕಾಕ ಬೇಕೇನ್ರಿ? ಇಲ್ಲೀದ ಹಾಕಿದ್ರ ನಡಿಯೂದಿಲ್ಲೇನು?"

"ಖಾಲಿ ಬಿಟ್ರ ಅರ್ಜಿ ತಿರಸ್ಕಾರ ಮಾಡ್ತಾರಪ್ಪಾ. ಕಡತದಾಗ ಇರ್ತೈತಿ ಅಷ್ಟ. ಅದನ್ನ ಯಾರ ತಗದ ನೋಡ್ತಾರ?"

ಇದು ನನ್ನ ಮೂವತ್ಮೂರು ವರ್ಷದ ಅನುಭವದ ಮಾತು. ಸರಕಾರಿ ಕಡತವನ್ನು ಯಾರೂ ತೆಗೆದು ನೋಡುವುದಿಲ್ಲ ಎಂದು ನಾನು ನಂಬಿದ್ದೆ. ಸೇವೆಯಲ್ಲಿದ್ದಾಗ ನೊಂದವರ ಎಷ್ಟೋ ಕಡತಗಳು ಧೂಳು ತಿನ್ನುವುದನ್ನು ನೋಡಿದವಳು ಹಾಗಲ್ಲದೆ ಇನ್ನೇನು ನಂಬಲಿ? ಅವನು ಊರಿನ ಹೆಸರು ಹೇಳಿದ. ನಾನು ದುಂಡಗೆ ಬರೆದೆ.

ಅರ್ಜಿಗಳನ್ನು ನಿಮ್ಮ ಮೇಜಿನ ಮೇಲೆ ಇಟ್ಟ ದಿನ ನಿಮಗೆ ನೆನಪಿರಬಹುದು. ಕೂರಲು ಹೇಳಿದಿರಿ, ಚಹಾ ತರಿಸಿದಿರಿ, ಇಂಥ ಅಕ್ಷರ ಈಗ ಯಾರು ಬರೆಯುತ್ತಾರೆ ಎಂದಿರಿ. ನಂತರ ಹೇಳಿದಿರಿ, "ನಕಲಿ ಮಂದಿ ಭಾಳ ಬರ್ತಾರ ಮೇಡಂ. ದಾನ ಅರ್ಹರಿಗೇ ಮುಟ್ಟಬೇಕು. ನಾವು ಎಲ್ಲಾ ಪರಿಶೀಲನೆ ಮಾಡತೀವಿ." ನಾನು ತಲೆಯಾಡಿಸಿದೆ. ಯಾವುದೋ ಕಚೇರಿಯಲ್ಲಿ ಯಾರೋ ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಎಂದು ಖುಷಿಯೇ ಆಯಿತು. ಈಗ ಕೇಳುತ್ತೇನೆ, ಮಾನ್ಯರೇ. ಒಂದು ಹೊಲಿಗೆ ಯಂತ್ರಕ್ಕಾಗಿ ತಾನು ಇಂಥವನೆಂದು ಸುಳ್ಳು ಹೇಳಿ, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾಗುವುದನ್ನು, ಬಾಡಿಗೆ ಮನೆಯ ಬಾಗಿಲು ಮುಚ್ಚುವುದನ್ನು, ಬೀದಿಯ ನಗೆಯನ್ನು ಮೈಮೇಲೆ ಎಳೆದುಕೊಳ್ಳುವ ನಕಲಿ ಮನುಷ್ಯ ನಮ್ಮ ಐದು ತಾಲೂಕಿನಲ್ಲಿ ಎಲ್ಲಿದ್ದಾನೆ? ನಿಮಗೆ ಒಬ್ಬನಾದರೂ ಸಿಕ್ಕಿದನೇ?

ಪರಿಶೀಲನೆ ಎಂದರೆ ಕಾಯಂ ವಿಳಾಸಕ್ಕೆ ಕಾಗದ ಕಳಿಸುವುದು ಎಂದು ನೀವು ತೀರ್ಮಾನಿಸಿದಿರಿ. ಅಭಿಯಾನದ ಮೂಲ ಸುತ್ತೋಲೆಯ ಪ್ರತಿ ನನ್ನ ಬಳಿ ಇದೆ. ಅದರಲ್ಲಿ ಕೇಳಿರುವುದು ಹಾಲಿ ವಾಸದ ಪರಿಶೀಲನೆ. ಕಾಶಿಬಾಯಿಯ ಮನೆ ನಿಮ್ಮ ಕಚೇರಿಯಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ. ಅಲ್ಲಿಗೆ ನಿಮ್ಮವರು ಯಾರೂ ಬರಲಿಲ್ಲ. ಹೊಳೆ ದಾಟಿ ಹೋಗಬೇಕಾದ ಊರಿಗೆ ಕಾಗದ ಹೋಯಿತು. 'ತಮ್ಮ ಪುತ್ರಿಯು ತೃತೀಯಲಿಂಗಿಯೆಂದು ಘೋಷಿಸಿಕೊಂಡು ನಿಪ್ಪಾಣಿಯ ಈ ಕೆಳಕಂಡ ವಿಳಾಸದಲ್ಲಿ ವಾಸವಿದ್ದು ನೆರವು ಕೋರಿರುತ್ತಾಳೆ. ಇದರ ಸತ್ಯಾಸತ್ಯತೆಯನ್ನು ಕುಟುಂಬದವರು ದೃಢೀಕರಿಸುವುದು.' ಜೊತೆಗೆ ಅರ್ಜಿಯ ನಕಲನ್ನೂ ಲಗತ್ತಿಸಿದಿರಿ. ಮನೆಯ ವಿಳಾಸ, ಅಂಗಡಿಯ ಹೆಸರು, ಅದು ಇರುವ ರಸ್ತೆ ಎಲ್ಲ ಅದರಲ್ಲಿತ್ತು, ನನ್ನದೇ ಅಕ್ಷರದಲ್ಲಿ.

ಹದಿನಾರರ ಮಧ್ಯಾಹ್ನ ಏನಾಯಿತು ಎಂಬುದನ್ನು ಲಖನ ನನಗೆ ಹೇಳಿದ್ದಾರೆ. ನಾಲ್ವರು ಬಂದರು. ಮುಂದಿದ್ದವನು ಮೋಟಾರು ತೋರಿಸಬೇಕು ಎಂದ. ವಿಕ್ರಾಂತ ಒಳಗೆ ಕುಳಿತು ತಂತಿ ಸುತ್ತುತ್ತಿದ್ದ, ದನಿ ಕೇಳಿ ತಲೆಯೆತ್ತಿ "ಅಣ್ಣಾ" ಅಂದ.

"ಅವ್ವಗ ಆರಾಮ ಇಲ್ಲ, ನಡಿ," ಎಂದ ಅಣ್ಣ.

"ಅವ್ವಗ ಫೋನ್ ಹಚ್ಚಿ ಕೊಡು. ಮಾತಾಡ್ತೀನಿ. ಆಮ್ಯಾಲ ಬರ್ತೀನಿ."

ಅಣ್ಣ ಫೋನು ಹಚ್ಚಲಿಲ್ಲ. ಉಳಿದ ಮೂವರು ಒಳಗೆ ಬಂದರು. ಲಖನ ಅಡ್ಡ ನಿಂತಾಗ ಅವರನ್ನು ದಬ್ಬಿದರು, ಮೊಣಕೈ ಗ್ರೈಂಡಿಂಗ್ ಕಲ್ಲಿಗೆ ಬಡಿದು ಈಗಲೂ ಪಟ್ಟಿ ಕಟ್ಟಿಕೊಂಡಿದ್ದಾರೆ. "ಅಂವ ಬೈಲಿಲ್ರಿ, ಚೀರಲಿಲ್ಲ," ಎಂದರು ಲಖನ. "ಕೈಯಾಗಿನ ತಂತಿ ಬಿಡಲಿಲ್ಲ ಅಷ್ಟ. ಅದೂ ಹರಕೊಂಡ ಹೋತು."

ನಾನು, ಕಾಶಿಬಾಯಿ, ಲಖನ ಠಾಣೆಗೆ ಹೋದೆವು. ಅಲ್ಲಿದ್ದವರು ಸಜ್ಜನರು, ಬೈಯಲಿಲ್ಲ. ದೂರು ಯಾರ ಬಗ್ಗೆ ಎಂದು ಕೇಳಿದರು. ವಿಕ್ರಾಂತ ಎಂದೆವು. ಆಧಾರ್ ತೋರಿಸಿ ಎಂದರು. ಹೆಸರು ಬದಲಾವಣೆಯ ಅರ್ಜಿ ಕೊಟ್ಟು ವರ್ಷವಾಯಿತು, ಇನ್ನೂ ಆಗಿಲ್ಲ ಎಂದೆವು. "ಹಂಗಾರ ಈ ಹೆಸರಿನ ಮನಶ್ಯಾ ಕಾಣೆ ಆಗ್ಯಾನ ಅಂತ ಹೆಂಗ ಬರಕೊಳ್ಳೂಣ್ರಿ? ಹಳೇ ಹೆಸರಿನಾಕಿ ಅವರ ಅಪ್ಪನ ಮನ್ಯಾಗ ಅದಾಳ. ಮನೀ ಮಂದಿ ಯಾರರ ಬಂದ ದೂರ ಕೊಡ್ರಿ, ನೋಡೂಣು," ಎಂದರು. ಎತ್ತಿಕೊಂಡು ಹೋದವರೇ ಬಂದು ದೂರು ಕೊಡಬೇಕು ಎಂಬ ನಿಯಮ ನನ್ನ ಸೇವಾವಧಿಯಲ್ಲಿ ಇರಲಿಲ್ಲ, ಹೊಸದಾಗಿ ಬಂದಿರಬೇಕು.

ಮರುದಿನ ನೀಲಮ ಹೋದಳು. ಅವಳೂ ಕಾಶಿಬಾಯಿಯ ಮನೆಯವಳೇ, ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ನಿಮ್ಮ ಮೊದಲ ಕಂತಿನಲ್ಲಿ ಹೊರಟ ಎರಡು ಕಾಗದಗಳಲ್ಲಿ ಇನ್ನೊಂದು ಅವಳ ಊರಿಗೆ ಹೋಗಿತ್ತು. ಯಾರೂ ಬರುವ ಮುಂಚೆಯೇ ಬಟ್ಟೆಯ ಚೀಲ ಎತ್ತಿಕೊಂಡು ಹೊರಟುಬಿಟ್ಟಳು. ಹಿಟ್ಟು ನಾದಿಟ್ಟದ್ದು ಹಾಗೇ ಇತ್ತು. ಫೋನು ಅಂದಿನಿಂದ ಬಂದ್ ಆಗಿದೆ. ಎಲ್ಲಿದ್ದಾಳೆ ಎಂದು ಯಾರಿಗೂ ಗೊತ್ತಿಲ್ಲ.

ಹದಿನೆಂಟರಂದು ನಿಮ್ಮ ಬಾಗಿಲಿಗೆ ಬಂದೆ. ಈ ಸಲ ಹೊರಗೆ ಮೂರು ತಾಸು ಕೂತೆ. ಒಳಗೆ ಕರೆದ ಮೇಲೆ ನೀವು ಹೇಳಿದ್ದು ಇದು: "ನಾವು ಬರೇ ದೃಢೀಕರಣ ಕೇಳಿದ್ವಿ ಮೇಡಂ. ಕರಕೊಂಡ ಹೋಗ್ರಿ ಅಂತ ಎಲ್ಲಿ ಬರದೀವಿ, ತೋರಸ್ರಿ." ತೋರಿಸಲು ಆಗಲಿಲ್ಲ. ನಿಮ್ಮ ಕಾಗದದಲ್ಲಿ ಅಂಥ ವಾಕ್ಯ ಇಲ್ಲ. ವ್ಯಾಕರಣದ ದೃಷ್ಟಿಯಿಂದಲೂ ಅದರಲ್ಲಿ ತಪ್ಪಿಲ್ಲ. ಆಮೇಲೆ ವಿಕ್ರಾಂತನ ಅರ್ಜಿಯನ್ನು ತರಿಸಿದಿರಿ. ಅದರ ಅಂಚಿನಲ್ಲಿ ಆಗಲೇ ಕೆಂಪು ಶಾಯಿಯ ಷರಾ ಇತ್ತು: 'ಫಲಾನುಭವಿ ಹಾಲಿ ವಿಳಾಸದಲ್ಲಿ ಲಭ್ಯವಿರುವುದಿಲ್ಲ. ಕೈಬಿಡಲಾಗಿದೆ.' ಉಳಿದ ನಾಲ್ವರ ಕಾಗದಗಳನ್ನು ಕಳಿಸಬೇಡಿ ಎಂದು ಕೈಮುಗಿದೆ. ಹೊರಹೋಗುವ ಕಾಗದಗಳ ಜಾವಕ ಪುಸ್ತಕದಲ್ಲಿ ಸಂಖ್ಯೆ ಬಿದ್ದಿದೆ, ಮೂವತ್ತೊಂದರ ಕಾರ್ಯಕ್ರಮ ಮುಗಿದ ಮೇಲೆ ಕ್ರಮದಂತೆ ಹೋಗುತ್ತವೆ ಎಂದಿರಿ. ಜಾವಕ ಪುಸ್ತಕದಲ್ಲಿ ಬಿದ್ದ ಸಂಖ್ಯೆಯನ್ನು ರದ್ದು ಮಾಡುವುದು ಹೇಗೆಂದು ನನಗೆ ಗೊತ್ತಿದೆ, ಮಾನ್ಯರೇ. ಒಂದು ಗೆರೆ, ಪಕ್ಕದಲ್ಲಿ ಒಂದು ಸಹಿ. ನಾನು ನೂರಾರು ಸಲ ಮಾಡಿದ್ದೇನೆ.

ಇಪ್ಪತ್ತೊಂದನೆಯ ತಾರೀಖು ನಾನೊಬ್ಬಳೇ ಅವನ ಊರಿಗೆ ಹೋದೆ. ಚಿಕ್ಕೋಡಿಗೆ ಬಂದು ಮಿರಜ ಬಸ್ಸು ಹಿಡಿದೆ. ಕಬ್ಬು ನುರಿಸುವ ಕಾಲ, ದಾರಿಯುದ್ದಕ್ಕೂ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಬಸ್ಸು ತೆವಳುತ್ತ ಹೋಯಿತು. ಅಲ್ಲಿ ಹೋಗಿ ಏನು ಮಾಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಮನೆಯ ಗಂಡಸರು ಹೊಲದಲ್ಲಿದ್ದರು. ಪಡಸಾಲೆಯಲ್ಲಿ ಒಬ್ಬ ಹೆಂಗಸು ಶೇಂಗಾ ಸುಲಿಯುತ್ತ ಕುಳಿತಿದ್ದರು. ವಿಕ್ರಾಂತನ ತಾಯಿ ಸತ್ತೆವ್ವ. ಹೆಸರು ಬರೆಯಲು ಅವರೇ ಹೇಳಿದ್ದಾರೆ.

"ಯಾರ್ರಿ? ಎಲ್ಲಿಂದ ಬಂದ್ರಿ?"

"ನಿಪ್ಪಾಣಿಯಿಂದ ಬಂದೇನ್ರಿ. ನಿಮ್ಮ ಮಗನ ಅರ್ಜಿ ಬರದಾಕಿ ನಾನ."

ಮಗ ಎಂಬ ಮಾತು ಅಭ್ಯಾಸದಿಂದ ಬಂದುಬಿಟ್ಟಿತ್ತು. ಅವರು ಸುಲಿಯುವುದನ್ನು ನಿಲ್ಲಿಸಿದರು. "ನನಗ ಒಬ್ಬನ ಮಗಾ. ಅಂವ ಹೊಲಕ್ಕ ಹೋಗ್ಯಾನ," ಅಂದರು. ಹೊರಗೆ ಹೋಗು ಅನ್ನುತ್ತಾರೆ ಎಂದು ಎದ್ದು ನಿಲ್ಲುವುದಕ್ಕೆ ಸಿದ್ಧಳಾದೆ. ಅವರು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದಿಟ್ಟರು, ಸೆರಗಿನೊಳಗಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು.

"ಇದನ್ನ ಓದಿ ಹೇಳ್ರಿ. ನಮ್ಮ ಗಂಡಸೂರೆಲ್ಲಾ ಓದ್ಯಾರ. ಹಾಲಿನ ಡೇರಿ ಮುಂದ, ನಾಕ ಮಂದ್ಯಾಗ, ಇದನ್ನ ತಂದ ಕಚೇರಿ ಮನಶ್ಯಾ ಗಟ್ಟ್ಯಾಗಿ ಓದ್ಯಾನಂತ. ಅವತ್ತಿನಿಂದ ನಮ್ಮವರು ಡೇರಿಗೆ ಹಾಲ ಹಾಕಾಕ ಹೋಗವಲ್ಲರು. ಮನ್ಯಾಗ ಕುಂತ ಬರೇ ಬೈತಾರ. ಇದರಾಗ ಏನೈತಿ ಅಂತ ನನಗ ಯಾರೂ ಹೇಳಿಲ್ಲ."

ಓದಿದೆ. ಮೊದಲು ನಿಮ್ಮ ಕಾಗದ, ನಂತರ ನನ್ನ ಕೈಬರಹದ ಅರ್ಜಿ. ಹೆಸರು, ವಯಸ್ಸು. ಉದ್ಯೋಗ: ಮೋಟಾರು ರಿವೈಂಡಿಂಗ್. ಕೋರಿದ ನೆರವು: ತಂತಿ ಸುತ್ತುವ ಯಂತ್ರ ಒಂದು. ಅವರು ಒಂದೊಂದಕ್ಕೂ ತಲೆಯಾಡಿಸುತ್ತಿದ್ದರು. ಕೊನೆಯ ಪುಟ ವಿಮೆಯದು. ಅರ್ಜಿದಾರ ಸತ್ತರೆ ಹಣ ಯಾರಿಗೆ ಸೇರಬೇಕು ಎಂಬಲ್ಲಿ ಅವನು ಯೋಚಿಸದೆ ಹೇಳಿದ ಹೆಸರನ್ನು ನಾನು ಬರೆದಿದ್ದೆ. ಓದಿದೆ: ಸತ್ತೆವ್ವ, ಸಂಬಂಧ ತಾಯಿ.

"ಇನ್ನೊಮ್ಮೆ ಓದ್ರಿ ಅದನ್ನ."

ಓದಿದೆ.

"ನನ್ನ ಹೆಸರ ಬರಶ್ಯಾನ?"

ಬರಶ್ಯಾಳ ಎನ್ನಲಿಲ್ಲ, ಬರಶ್ಯಾನ ಎಂದರು. ಅದು ಅವರಿಗೆ ಗೊತ್ತಾಗಿ ಬಂತೋ ಗೊತ್ತಿಲ್ಲದೆ ಬಂತೋ, ನಾನು ಕೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ಗಡಿ ಆಚಿ ನನ್ನ ತಮ್ಮನ ತ್ವಾಟದಾಗ ಇಟ್ಟಾರ್ರಿ. ದ್ರಾಕ್ಷಿ ಒಣಗಸೂ ಶೆಡ್ಡಿನ ಬಾಜೂಕ ಒಂದ ಖೋಲಿ ಐತಿ. ನಾ ಒಂದ ಸಲ ಹೋಗಿದ್ನಿ. ಗ್ವಾಡಿ ಕಡೆ ಮುಖ ಮಾಡಿ ಮಲಗ್ಯಾನ. ಕೂಳ ಮುಟ್ಟೂದಿಲ್ಲ. ಗದ್ದಲ ಮಾಡಬಾರದಂತ ಏನೋ ಗುಳಿಗಿ ನುಂಗಸಾಕತ್ತಾರ. ಈಗ ಧನುರ್ಮಾಸ ಅಂತ ತಡದಾರ. ಸಂಕ್ರಮಣ ಆತಂದ್ರ ನನ್ನ ತಮ್ಮನ ಮಗನ ಜೋಡಿ ಲಗ್ನದ ಅಕ್ಕಿಕಾಳ ಹಾಕಿಬಿಡ್ತಾರ."

"ನೀವ ಏನ ಅಂದ್ರಿ ಅದಕ್ಕ?"

"ನನ್ನ ಯಾರ ಕೇಳ್ಯಾರ್ರಿ."

ನನ್ನ ಹೆಸರು, ಫೋನ್ ನಂಬರು, ಮನೆಯ ಗುರುತು ಒಂದು ಚೀಟಿಯಲ್ಲಿ ಬರೆದು ಕೊಟ್ಟು ಬಂದೆ. ಇದರಿಂದ ಏನಾದರೂ ಆದೀತು ಎಂಬ ಆಸೆ ನನಗಿರಲಿಲ್ಲ. ಮೂರು ದಿನ ಬಿಟ್ಟು, ಇಪ್ಪತ್ನಾಲ್ಕರ ಬೆಳಿಗ್ಗೆ ಹನ್ನೊಂದಕ್ಕೆ ಸತ್ತೆವ್ವ ನನ್ನ ಗೇಟಿನಲ್ಲಿ ನಿಂತಿದ್ದರು. ಕೈಯಲ್ಲಿ ಒಂದೇ ಚೀಲ. ಚೀಟಿಯನ್ನು ಕಂಡಕ್ಟರಿಗೆ ತೋರಿಸಿ, ಆಟೋದವರಿಗೆ ತೋರಿಸಿ ಬಂದಿದ್ದರು. ಒಬ್ಬಂಟಿಯಾಗಿ ಇಷ್ಟು ದೂರ ಪ್ರಯಾಣ ಮಾಡಿದ್ದು ಅದೇ ಮೊದಲಂತೆ.

ಕಾಶಿಬಾಯಿಯ ಮನೆ ನೋಡಬೇಕು ಎಂದರು. ಕರೆದುಕೊಂಡು ಹೋದೆ. ಕಾಶಿಬಾಯಿ ಚಹಾ ಕೊಟ್ಟರು. ಸತ್ತೆವ್ವ ಮಗನ ಹಾಸಿಗೆ ಯಾವುದೆಂದು ಕೇಳಿ ಅದರ ಮೇಲೆ ಕುಳಿತರು. ಗೂಟಕ್ಕೆ ಅವನ ಎರಡು ಅಂಗಿ ನೇತಾಡುತ್ತಿದ್ದವು. ಅವನ್ನು ತೆಗೆದುಕೊಂಡು ಒಗೆಯಲು ಹೊರಟರು.

"ಒಗದದ್ದ ಅದಾವ್ರಿ," ಎಂದರು ಕಾಶಿಬಾಯಿ.

"ಇರಲಿ ತಗೀರಿ."

ಕಾಶಿಬಾಯಿ ಬಕೆಟ್ಟಿಗೆ ನೀರು ತುಂಬಿ ಕೊಟ್ಟರು. ಒಗೆದು ತಂತಿಯ ಮೇಲೆ ಹಾಕಿ ಬಂದ ಮೇಲೆ ಸತ್ತೆವ್ವ ಕೇಳಿದರು, "ಮೂರ ವರ್ಷ ನೀವ ಉಣ್ಣಾಕ ಹಾಕೀರೇನು?" ಕಾಶಿಬಾಯಿ, "ಅಂವ ದುಡದ ತಂದ ಹಾಕ್ಯಾನ್ರಿ, ನಾ ಬೇಯಿಸಿ ಹಾಕೀನಿ," ಎಂದರು. ಅಂದಿನಿಂದ ಸತ್ತೆವ್ವ ಆ ಮನೆಯಲ್ಲೇ ಇದ್ದಾರೆ. ಮಗ ಬರುವ ತನಕ ಊರಿಗೆ ಹೋಗುವುದಿಲ್ಲ ಎನ್ನುತ್ತಾರೆ. ಗಂಡ ಫೋನು ಮಾಡಿ, ಹೋದದ್ದು ಹೋದಿ, ಇನ್ನು ಈ ಮನೆಯ ಹೊಸ್ತಿಲು ತುಳಿಯಬೇಡ ಎಂದಿದ್ದಾರೆ.

ಮನೆಯವರು ಬಂದು ದೂರು ಕೊಡಲಿ ಎಂದಿದ್ದರಲ್ಲ, ಹೆತ್ತ ತಾಯಿಯನ್ನೇ ಕರೆದುಕೊಂಡು ಠಾಣೆಗೆ ಹೋದೆ. ಹೆಬ್ಬೆಟ್ಟು ಒತ್ತಿದರು. ಅರ್ಜಿ ಸ್ವೀಕರಿಸಿದರು. ಆದರೆ ತೋಟ ಇರುವುದು ಮಹಾರಾಷ್ಟ್ರದಲ್ಲಿ, ಗಡಿ ದಾಟಿ ಹೋಗಲು ಮೇಲಿನವರ ಪತ್ರ ಬೇಕು ಎಂದರು. ಲಖನ ಗಡಿಯಾಚೆಯ ಠಾಣೆಗೆ ಹೋಗಿ ಮರಾಠಿಯಲ್ಲಿ ಕೇಳಿಕೊಂಡರು. ಘಟನೆ ನಡೆದದ್ದು ಕರ್ನಾಟಕದಲ್ಲಿ, ಅಲ್ಲಿಂದ ಲಿಖಿತವಾಗಿ ಬರಲಿ ಎಂದರು. ನಮ್ಮ ಸೀಮೆಯಲ್ಲಿ ಕಬ್ಬು ಗಡಿ ದಾಟುತ್ತದೆ, ಹಾಲು ದಾಟುತ್ತದೆ, ಬೀಗತನ ದಾಟುತ್ತದೆ, ಬಾಯಿ ಕಟ್ಟಿದ ಮನುಷ್ಯನೂ ದಾಟುತ್ತಾನೆ. ಅವನನ್ನು ಹುಡುಕಿ ಹೋಗುವ ಪೊಲೀಸರಿಗೆ ಮಾತ್ರ ಅದು ಸಮುದ್ರ.

ಜಿಲ್ಲೆಯ ಮೂರು ಕಚೇರಿಗಳಿಗೆ ಮುಚ್ಚಿದ ಲಕೋಟೆಯಲ್ಲಿ ಬರೆದೆ. ನಿಮಗೂ ಬರೆದೆ. ಉತ್ತರ ಇಲ್ಲ. ಬಹಿರಂಗವಾಗಿ ಬರೆದರೆ ಅವನನ್ನು ಬೇರೆಡೆಗೆ ಸಾಗಿಸಬಹುದು ಎಂಬ ಹೆದರಿಕೆ ನನಗಿದೆ. ಆದರೆ ತಾಯಿ ಮನೆಬಿಟ್ಟ ದಿನವೇ ಅವರಿಗೆ ಸುದ್ದಿ ಹೊರಬಿದ್ದದ್ದು ಗೊತ್ತಾಗಿದೆ. ಇನ್ನು ಗುಟ್ಟಾಗಿಟ್ಟರೆ ಅದರ ಲಾಭ ಅವರಿಗೇ. ಅವನು ಊಟ ಬಿಟ್ಟು ಎಷ್ಟು ದಿನವಾಯಿತೆಂದು ಖಚಿತವಾಗಿ ಹೇಳುವವರಿಲ್ಲ. ನಾನು ಕಾಯಲಾರೆ. ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಿನ್ನೆ ನಿಮ್ಮ ಕಚೇರಿಯಿಂದ ನನಗೆ ಫೋನು ಬಂತು. ಕೊನೆಗೂ ಯಾರೋ ನನ್ನ ಕಾಗದ ಓದಿದರು ಎಂದುಕೊಂಡೆ. ವಿಷಯ ಬೇರೆ ಇತ್ತು. ಮೂವತ್ತೊಂದರಂದು ಚಿಕ್ಕೋಡಿಯಲ್ಲಿ ದೇಣಿಗೆ ವಿತರಣೆಯ ಸಮಾರಂಭವಿದೆ, ಗಣ್ಯರು ಬರುತ್ತಾರೆ, ವೇದಿಕೆಯ ಮೇಲೆ ಫಲಾನುಭವಿಗಳು ಸಾಲುತ್ತಿಲ್ಲ. "ಮೇಡಂ, ನಿಮ್ಮ ಕಡೆಯಿಂದ ಯಾರರ ಐದ ಮಂದಿ ಬಂದ್ರ ಸಾಕ್ರಿ. ಸೀರಿ ಉಟ್ಟಕೊಂಡ ಬರ್ಲಿ," ಎಂದರು ನಿಮ್ಮವರು. ಯಾರಾದರೂ ಐದು ಮಂದಿ. ಮಾನ್ಯರೇ, ನಕಲಿ ಅಸಲಿ ಪರಿಶೀಲನೆ ಎಲ್ಲಿ ಹೋಯಿತು? ಹುಡುಗನೊಬ್ಬ ನಿಜವಾದವನೋ ಅಲ್ಲವೋ ಎಂದು ತಿಳಿಯಲು ಅವನ ಊರಿನ ಹಾಲಿನ ಡೇರಿಯ ಮುಂದೆ ಅವನ ಬದುಕನ್ನು ಓದಿಸಿದಿರಿ. ಫೋಟೋಕ್ಕೆ ಯಾರಾದರೂ ಆದೀತೇ?

ಈ ಫೋನಿನ ವಿಷಯವನ್ನು ಕಾಶಿಬಾಯಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದರು, "ಬರ್ತೀವಿ ಅಂತ ಹೇಳ್ರಿ ಅಕ್ಕಾರ. ಸ್ಟೇಜ ಹತ್ತತೀವಿ. ಹಲ್ಲ ಕಿಸದ ನಿಂದರ್ತೀವಿ. ಯಾವ ಬ್ಯಾನರ್ ಹಿಡಿ ಅಂತಾರ ಅದನ್ನ ಹಿಡೀತೀವಿ. ಮಶೀನ ಕೊಟ್ರೂ ಸೈ, ಕೊಡದಿದ್ರೂ ಸೈ. ಮೊದಲ ಅವರು ವಿಕ್ರಾಂತನ್ನ ಬಿಡಸೂ ಕಾಗದಕ್ಕ ಸಹಿ ಮಾಡಲಿ."

ಯಾವ ಫೋಟೋಕ್ಕೆ ಅವರು ಜನ್ಮವಿಡೀ ಹೆದರಿದ್ದರೋ ಆ ಫೋಟೋಕ್ಕೆ ನಿಲ್ಲುತ್ತೇವೆ ಎನ್ನುತ್ತಿದ್ದಾರೆ. ನಮ್ಮ ಬಳಿ ನಿಮಗೆ ಕೊಡಲು ಬೇರೇನೂ ಇಲ್ಲ. ಇದಕ್ಕಿಂತ ಕೆಳಗೆ ಬಗ್ಗಲು ನನಗೂ ಗೊತ್ತಿಲ್ಲ. ನಿಮ್ಮ ಕಾರ್ಯಕ್ರಮ ಕೆಡಿಸುವುದಿಲ್ಲ, ಘೋಷಣೆ ಕೂಗುವುದಿಲ್ಲ, ಪತ್ರಕರ್ತರು ಕೇಳಿದರೆ ಸರಕಾರ ಒಳ್ಳೆಯದು ಮಾಡಿದೆ ಎನ್ನುತ್ತೇವೆ. ನಾನೇ ವಂದನಾರ್ಪಣೆಯನ್ನು ಬರೆದುಕೊಡುತ್ತೇನೆ.

ಅದಕ್ಕೆ ಪ್ರತಿಯಾಗಿ ಕೇಳುವುದು ಎರಡು. ಜಾವಕದಲ್ಲಿರುವ ನಾಲ್ಕು ಕಾಗದಗಳನ್ನು ಹರಿದುಹಾಕಿ. ಅವು ಹೊರಟರೆ ಆ ಮನೆಯಲ್ಲಿ ಉಳಿದವರು ಹೊಸ ವರ್ಷಕ್ಕೆ ಎಲ್ಲಿರುತ್ತಾರೋ ನೀವೂ ಹೇಳಲಾರಿರಿ, ನಾನೂ ಹೇಳಲಾರೆ. ಎರಡನೆಯದು, ವಯಸ್ಕನಾದ ವಿಕ್ರಾಂತನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಕೂಡಿಹಾಕಲಾಗಿದೆ, ಇದಕ್ಕೆ ನಿಮ್ಮ ಕಚೇರಿಯ ಪತ್ರ ಕಾರಣವಾಗಿದೆ, ಅವನನ್ನು ಕೂಡಲೇ ಬಿಡಿಸಿ ವೈದ್ಯರ ಮುಂದೆ ಹಾಜರುಪಡಿಸಬೇಕು ಎಂದು ಎರಡೂ ರಾಜ್ಯದ ಪೊಲೀಸರಿಗೆ ನಿಮ್ಮ ಮೊಹರು ಹಾಕಿ ಬರೆಯಿರಿ. ನನ್ನಂಥವಳ ನಾಲ್ಕು ಕಾಗದಕ್ಕೆ ಇಲ್ಲದ ಕಾಲು ನಿಮ್ಮ ಒಂದು ಕಾಗದಕ್ಕಿದೆ. ಅದು ಎರಡೇ ದಿನದಲ್ಲಿ ಹೊಳೆ ದಾಟಿದ್ದನ್ನು ನೋಡಿದ್ದೇವೆ.

ಮೂವತ್ತರ ಬೆಳಿಗ್ಗೆ ಹತ್ತು ಗಂಟೆಗೆ ನಾನು, ಕಾಶಿಬಾಯಿ, ಸತ್ತೆವ್ವ ನಿಮ್ಮ ಬಾಗಿಲಲ್ಲಿರುತ್ತೇವೆ. ಪತ್ರದ ಕರಡು ನನ್ನ ಕೈಯಲ್ಲಿರುತ್ತದೆ. ಸತ್ತೆವ್ವ ಸರಕಾರಿ ಕಚೇರಿಯೊಂದರಲ್ಲಿ ಇದುವರೆಗೆ ಕುರ್ಚಿಯ ಮೇಲೆ ಕುಳಿತವರಲ್ಲ. ಅವರನ್ನು ಕೂರಿಸಿ. ಅವರ ಎದುರಿಗೆ ಸಹಿ ಮಾಡಿ.

ಇಂತಿ,
ತಮ್ಮ ಸರಕಾರದ ಪಿಂಚಣಿಯನ್ನೇ ಉಣ್ಣುತ್ತಿರುವ, ಈ ಪ್ರಕರಣದಲ್ಲಿ ತಮ್ಮಷ್ಟೇ ತಪ್ಪಿತಸ್ಥಳಾದ,
ಸರಿತಾ ಕಾಂಬಳೆ
ನಿವೃತ್ತ ಪ್ರಥಮ ದರ್ಜೆ ಸಹಾಯಕಿ, ನಿಪ್ಪಾಣಿ